ಅಜ್ಜಿಯ ಮಣೆಗೆ ಅಪ್ರದಕ್ಷಿಣೆ

ತುಂಬಾ ದಿನಗಳಾದವು ಈ ಕಡೆ ತಲೆ ಹಾಕಿ. "ಏನ್ರೀ, ಬ್ಲಾಗಿಗೆ ಬೀಗ ಹಾಕಿಬಿಟ್ರಾ?" ಅಂತ ಇಬ್ಬರು ಗೆಳೆಯರು ಕೇಳಿದ್ದೂ ಆಯ್ತು. ಬೀಗ ಹಾಕಿಲ್ಲ ಮಾರಾಯ್ರೆ, ಇಷ್ಟು ದಿನ ರೂಟರ್ ಹಿಡಿದುಕೊಂಡು ಕೂತಿದ್ದೆ. ಇಂಟರ್‌ನೆಟ್ಟಿನ ಡಬ್ಬಿ ಅಲ್ಲ :-) ಮರಗೆಲಸದ ರೂಟರ್. ಬಡಗಿಗಳು ಪ್ಲೈವುಡ್ಡಿಗೆ ಸನ್‌ಮೈಕಾ ಅಂಟಿಸಿದ ಮೇಲೆ ಅಂಚಿನುದ್ದಕ್ಕೂ ಕೊಂಯ್ಯ್ ಅಂತ ಒಂದು ಮಿಷನ್ ಓಡಿಸ್ತಾರಲ್ಲ, ಇಡೀ ಬಿಲ್ಡಿಂಗಿನ ಮಕ್ಕಳು ಮಧ್ಯಾಹ್ನದ ನಿದ್ದೆಯಿಂದ ಎದ್ದು ಅಳೋ ಹಾಗೆ.. ಅದರ ಜಾತಿಯದ್ದೇ. ಕೈಯಲ್ಲಿ ಹಿಡಿಯುವ ಆ ಚಿಕ್ಕದಕ್ಕೆ ಟ್ರಿಮ್ಮರ್ ಅಂತಾರೆ.

ಅದನ್ನು ಯಾಕೆ ಕೊಂಡೆ ಅನ್ನೋದಕ್ಕೊಂದು ಕಥೆ ಇದೆ.

ನಮ್ಮನೆಯಲ್ಲಿ ಹಲಸಿನ ಮರದ ಒಂದು ಮಣೆ ಇತ್ತು. ಅಜ್ಜಿಯದು. ಒಂದೂವರೆ ಅಡಿ ಉದ್ದ, ಒಂದಿಂಚು ದಪ್ಪ, ಎರಡೂ ತುದಿ ಗುಂಡಗೆ, ಕೆಳಗೆ ಕಾಲಿನ ಬದಲು ಎರಡು ಅಡ್ಡಪಟ್ಟಿ. ಹಲಸು ಹೊಸದರಲ್ಲಿ ಅರಿಶಿನದ ಹಾಗೆ ಹಳದಿ, ವರ್ಷ ಕಳೆದ ಹಾಗೆ ಕಂದಾಗುತ್ತೆ. ಇದಂತೂ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮುಂದಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು. ಅಜ್ಜಿ ಕೊಬ್ಬರಿಯನ್ನ ಚಿಪ್ಪಿನಿಂದ ಬಿಡಿಸೋಕೆ ಅಲ್ಲೇ ಕುಟ್ಟೋಳು. ಚಿಕ್ಕವರಿದ್ದಾಗ ಊಟಕ್ಕೆ ಆ ಮಣೆಗಾಗಿ ನಮ್ಮ ಮೂವರಿಗೂ ದಿನಾ ಜಗಳ. ಗೆದ್ದವರು ಅದರ ಮೇಲೆ ಕೂತು ಎಡಗೈ ಕಿರುಬೆರಳನ್ನ ಆ ಕಚ್ಚಿನೊಳಗೆ ತೂರಿಸಿ, ಸೋತವರನ್ನ ನೋಡಿ ಹಲ್ಲು ಕಿರಿಯೋದು!

2019ರಲ್ಲಿ ಅಪ್ಪ ಹೋದರು. 2022ರಲ್ಲಿ ಊರಿನ ಮನೆ ಮಾರಿದೆವು. ಹಂಡೆ, ಕಪಾಟು, ಪಾತ್ರೆ ಎಲ್ಲ ಜಗಳವಿಲ್ಲದೆ ಪಾಲಾಯ್ತು. ಮಣೆಯ ವಿಷಯ ಯಾರೂ ಎತ್ತಲಿಲ್ಲ. ಅಮ್ಮ ನನ್ನ ಜೊತೆ ಬೆಂಗಳೂರಿಗೆ ಬಂದಳು, ಅವಳ ಜೊತೆ ಮಣೆಯೂ ಬಂತು. ಆಮೇಲೆ ಒಂದು ದಿನ ಫೋನಿನಲ್ಲಿ ಅಕ್ಕ, "ಆ ಮಣೆ ನಂಗೆ ಕೊಡ್ತೀಯಾ ಅಂತ ಕೇಳೋಣ ಅಂದ್ಕೊಂಡಿದ್ದೆ ಕಣೋ.. ಹೋಗ್ಲಿ ಬಿಡು" ಅಂದಳು. ಅಕ್ಕಂದಿರ "ಹೋಗ್ಲಿ ಬಿಡು"ಗೆ ಏನರ್ಥ ಅಂತ ಅಕ್ಕ ಇರೋರಿಗೆಲ್ಲ ಗೊತ್ತು. ನಾನು ಜೋಶ್‌ನಲ್ಲಿ, "ತಡಿ, ಅದೇ ಥರದ್ದು ಎರಡು ಮಾಡಿ ಕೊಡ್ತೀನಿ. ನಿಂಗೊಂದು, ಅಣ್ಣಂಗೊಂದು. ಒಂದು ಕೂದಲೂ ವ್ಯತ್ಯಾಸ ಇರಲ್ಲ" ಅಂದುಬಿಟ್ಟೆ.

ಅಷ್ಟು ಧೈರ್ಯದಿಂದ ಹೇಳೋಕೆ ಕಾರಣ ಫ್ಲಶ್ ಟ್ರಿಮ್ ಬಿಟ್ ಅನ್ನೋ ಬೆರಳುದ್ದದ ಸಾಮಾನು. ಅದಕ್ಕೆ ಎರಡು ಅಲಗು, ತುದಿಯಲ್ಲೊಂದು ಪುಟ್ಟ ಬೇರಿಂಗು. ಅಲಗು ಎಷ್ಟು ಅಗಲಕ್ಕೆ ತಿರುಗುತ್ತೋ ಬೇರಿಂಗಿನ ಅಗಲವೂ ಅಷ್ಟೇ. ಗುಟ್ಟೆಲ್ಲ ಇರೋದು ಅಲ್ಲೇ. ಕೆಳಗೆ ಅಚ್ಚು, ಅದರ ಮೇಲೆ ಎರಡೂ ಬದಿ ಅಂಟುವ ಟೇಪಿನಿಂದ ಕೂರಿಸಿದ ಹೊಸ ಹಲಗೆ. ಹಲಗೆಯನ್ನ ಮೊದಲೇ ಜಿಗ್‌ಸಾದಲ್ಲಿ ಒರಟಾಗಿ, ಅಚ್ಚಿಗಿಂತ ಒಂದೆರಡು ಮಿಲಿಮೀಟರ್ ಹೊರಗಿರುವ ಹಾಗೆ ಕೊಯ್ದಿರಬೇಕು. ಬೇರಿಂಗು ಅಚ್ಚಿನ ಅಂಚಿಗೆ ಒರಗಿಕೊಂಡು ಉರುಳ್ತಾ ಹೋಗುತ್ತೆ, ಅಲಗು ಮೇಲಿನ ಹಲಗೆಯ ಹೆಚ್ಚುವರಿಯನ್ನ ಹೆರೆದು ಎರಡನ್ನೂ ಒಂದೇ ಮಟ್ಟಕ್ಕೆ ತರುತ್ತೆ. ಬೇರಿಂಗು ಸ್ವಂತ ಬುದ್ಧಿ ಉಪಯೋಗಿಸೋದೇ ಇಲ್ಲ. ಬೋರ್ಡಿನ ಮೇಲೆ ಮೇಷ್ಟ್ರು ತಪ್ಪು ಬರೆದರೂ ಹಾಗೇ ಇಳಿಸಿಕೊಳ್ಳುವ ವಿದ್ಯಾರ್ಥಿಯ ಥರ.

ಇನ್ನೊಂದು ತಮಾಷೆ. ಮೇಲಿಂದ ನೋಡಿದರೆ ಬಿಟ್ಟು ಪ್ರದಕ್ಷಿಣೆಯ ದಿಕ್ಕಿಗೆ ತಿರುಗುತ್ತೆ. ಹಾಗಾಗಿ ಹಲಗೆಯ ಹೊರ ಅಂಚು ಹೆರೆಯೋವಾಗ ನಾವು ಅಪ್ರದಕ್ಷಿಣೆಯಾಗಿ ಸುತ್ತಬೇಕು. ಆಗ ಅಲಗು ಮರಕ್ಕೆ ಎದುರಾಗಿ ಕೊಯ್ಯುತ್ತೆ, ಮಿಷನ್ ಕೈಮಾತು ಕೇಳುತ್ತೆ. ಉಲ್ಟಾ ಹೋದರೆ ಅಲಗೇ ಮರವನ್ನ ಕಚ್ಚಿಕೊಂಡು ಮಿಷನ್ನನ್ನ ಮುಂದಕ್ಕೆ ಎಳೆದುಕೊಂಡು ಓಡುತ್ತೆ. ನಿಮಿಷಕ್ಕೆ 30,000 ಸುತ್ತಿನ ಹತ್ತಿರ ತಿರುಗೋ ವಸ್ತು ಅದು, ಹುಡುಗಾಟ ಅಲ್ಲ. ಅಮ್ಮನಿಗೆ ಇದನ್ನ ವಿವರಿಸಿದಾಗ "ಅಪ್ರದಕ್ಷಿಣೆ ಬರೋದು ಒಳ್ಳೇ ಕೆಲಸಕ್ಕಲ್ಲ ಕಣೋ" ಅಂದಳು. ನಕ್ಕುಬಿಟ್ಟೆ. ನಗಬಾರದಿತ್ತು.

ಆ ಭಾನುವಾರ ಬಾಲ್ಕನಿಯಲ್ಲಿ ಕೂತಾಗ ನನಗೆ ಬಂದ ಅತಿಬುದ್ಧಿ ಏನಪ್ಪಾ ಅಂದ್ರೆ, ಬೇರೆ ಅಚ್ಚು ಯಾಕೆ ಬೇಕು? ಅಜ್ಜಿಯ ಮಣೆಯೇ ಅಚ್ಚು! ಅದರ ಮೇಲೆಯೇ ಹೊಸ ಹಲಗೆ ಅಂಟಿಸಿದೆ. ಒಂದು ಕಡೆ ಬೆಣ್ಣೆಯ ಹಾಗೆ ಬಂತು. ಹಲಸಿನ ಘಮ, ಹಳದಿ ಪುಡಿ, ಯುದ್ಧ ಗೆದ್ದವನ ಹಾಗೆ ನಾನು. ತಿರುವಿನಲ್ಲಿ ಮಿಷನ್ನಿನ ಸದ್ದು ಇದ್ದಕ್ಕಿದ್ದ ಹಾಗೆ ಬದಲಾಯ್ತು. ಆಫ್ ಮಾಡುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಬಿಟ್ಟು ತನ್ನ ಹಿಡಿಯಿಂದ ಒಂದು ಸೆಂಟಿಮೀಟರಿನಷ್ಟು ಕೆಳಗೆ ಜಾರಿತ್ತು. ಮಣೆಯ ಅಂಚು ಮೇಲರ್ಧ ನೆಟ್ಟಗಿದ್ದರೂ ಕೆಳಗರ್ಧ ಸವೆದು ಗುಂಡಗಾಗಿತ್ತು. ಬೇರಿಂಗು ಆ ಗುಂಡಗಿನ ಜಾಗಕ್ಕೆ ಇಳಿದು ಒಳಗೆ ಸರಿದಿದೆ, ಅದರ ಜೊತೆ ಅಲಗೂ ಒಳಗೆ ಹೋಗಿ ಮಣೆಯನ್ನೇ ಹೆರೆದಿದೆ. ಎರಡಿಂಚು ಉದ್ದ, ಎರಡು ಮಿಲಿಮೀಟರ್ ಆಳ. ಕಂದು ಮೈಮೇಲೆ ಹಳದಿ ಗಾಯ.

ಸದ್ದು ನಿಂತಿದ್ದಕ್ಕೆ ಅಮ್ಮ ಬಂದು ನೋಡಿದಳು. ನಾನು ತಲೆ ಎತ್ತಲಿಲ್ಲ. ಸೆರಗಿನಿಂದ ಪುಡಿ ಒರೆಸಿ, ಆ ಜಾಗವನ್ನ ಬೆರಳಿನಿಂದ ಸವರಿ, "ಒಳಗೆ ಇನ್ನೂ ಹಳದಿ ಹಾಗೇ ಇದೆಯಲ್ಲೋ!" ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸ್ತು.

ಮರುದಿನ ಬಿಟ್ಟನ್ನ ಜೇಬಿಗೆ ಹಾಕಿಕೊಂಡು ನಮ್ಮ ರಸ್ತೆಯ ಕೊನೆಯಲ್ಲಿರುವ ಬಡಗಿಯವರ ಹತ್ರ ಹೋದೆ. ಮಂಗಳೂರು ಕಡೆಯವರು. ಬಿಟ್ಟಿನ ಹಿಡಿಯನ್ನ ಬೆಳಕಿಗೆ ಹಿಡಿದು ನೋಡಿ, "ಎಂತ ಸಾರ್ ಇದು? ಇದು 6 ಮಿಲಿಮೀಟರಿನದ್ದು. ನಿಮ್ಮ ಮಿಷನಿಗೆ ಕಾಲಿಂಚು, ಅಂದ್ರೆ 6.35. ಟೈಟ್ ಆದ ಹಾಗೆ ಕಾಣ್ತದೆ, ಆದ್ರೆ ಹಿಡಿಯುವುದಿಲ್ಲ. ಹಾರಿ ಹೊಟ್ಟೆಗೆ ಬೀಳ್ಲಿಲ್ಲ, ನಿಮ್ಮ ಪುಣ್ಯ" ಅಂದ್ರು. 0.35 ಮಿಲಿಮೀಟರ್! ಅಂಗಡಿಗಳಲ್ಲಿ ಎರಡು ಅಳತೆಯವೂ ಸಿಗುತ್ತವೆ, ಕಣ್ಣಿಗೆ ಎರಡೂ ಒಂದೇ. ಬಿಟ್ಟನ್ನ ತಳ ಮುಟ್ಟುವವರೆಗೆ ತಳ್ಳಿ, ಆಮೇಲೆ ಎರಡು ಮೂರು ಮಿಲಿಮೀಟರ್ ಹೊರಗೆಳೆದು ಬಿಗಿಯಬೇಕು ಅನ್ನೋದನ್ನೂ ಹೇಳಿಕೊಟ್ಟರು. ಕೊನೆಗೆ ಒಂದು ಮಾತು ಹೇಳಿದರು, ಅದು ಮಾತ್ರ ನಾಟಿತು. "ಹಳೇ ಸಾಮಾನಿನ ಮೇಲೆ ಮಿಷನ್ ಓಡಿಸ್ಬಾರ್ದು ಸಾರ್. ಮೊದ್ಲು ಅಚ್ಚು ಮಾಡಿ. ಅಚ್ಚು ಹಾಳಾದ್ರೆ ಇನ್ನೊಂದು ಅಚ್ಚು. ಮಣೆ ಹಾಳಾದ್ರೆ ಎಂತ ಮಾಡ್ತೀರಿ?"

12 ಮಿಲಿಮೀಟರಿನ ಎಂಡಿಎಫ್ ಹಲಗೆ ತಂದೆ. ಮಣೆಯನ್ನ ಅದರ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಸುತ್ತ ಗೀಟು ಎಳೆದೆ. ನನ್ನ ಗಾಯ ಇದ್ದ ಜಾಗದಲ್ಲಿ ಗೀಟನ್ನ ಒಳಗೆ ಹೋಗಗೊಡದೆ ಮುಂಚೆ ಇದ್ದ ಹಾಗೇ ದಾಟಿಸಿದೆ. ಜಿಗ್‌ಸಾದಲ್ಲಿ ಕೊಯ್ದು, ಅರದಿಂದ ಉಜ್ಜಿ, ಸ್ಯಾಂಡ್‌ಪೇಪರ್ ಹಿಡಿದು ಕೂತೆ. ಕಣ್ಣಿಗೆ ಕಾಣದ ಉಬ್ಬುತಗ್ಗು ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಿಗುತ್ತೆ. ಎರಡು ಸಂಜೆ ಇದಕ್ಕೇ ಹೋಯ್ತು. ಅಜ್ಜಿಯ ಕಚ್ಚನ್ನೂ ಗುಂಡು ಅರದಿಂದ ಬಹಳ ಜೋಪಾನವಾಗಿ ಅಚ್ಚಿನಲ್ಲಿ ಮೂಡಿಸಿದೆ. ಒಂದು ಕಡೆ ಸಣ್ಣ ಉಬ್ಬು ಉಳಿದಿತ್ತು, ಸಾಕು ಬಿಡು ಅಂತ ಬಿಟ್ಟೆ.

ಸರಿಯಾದ ಬಿಟ್ಟು ಹಾಕಿ ಎರಡೂ ಹಲಗೆ ಮುಗಿಸಿದೆ. ಅಪ್ರದಕ್ಷಿಣೆ, ಒಂದೇ ಲಯದಲ್ಲಿ. ತುದಿಗಳಲ್ಲಿ ಎಳೆ ಕಡಿದು ಬರುವ ಕಡೆ ಚಕ್ಕೆ ಏಳುತ್ತೆ, ಅದಕ್ಕೇ ಅಲ್ಲಿ ಮೊದಲು ಹೆರೆದು ಆಮೇಲೆ ಉದ್ದದ ಬದಿಗಳಿಗೆ ಬಂದೆ. ಟೇಪ್ ಬಿಡಿಸಿ ನೋಡ್ತೀನಿ, ನಾನು ಸೋಮಾರಿತನದಿಂದ ಬಿಟ್ಟ ಆ ಉಬ್ಬು ಎರಡರಲ್ಲೂ ಅಚ್ಚೊತ್ತಿದ ಹಾಗೆ ಇದೆ. ಕಚ್ಚು ಮಾತ್ರ ಎರಡರಲ್ಲೂ ಇಲ್ಲ! ಅರ್ಥವಾಗೋಕೆ ಒಂದು ನಿಮಿಷ ಬೇಕಾಯ್ತು. ಬೇರಿಂಗಿನ ಅಗಲ ಅರ್ಧ ಇಂಚು, ಅಂದ್ರೆ 12.7 ಮಿಲಿಮೀಟರ್. ಕಚ್ಚಿನ ಅಗಲ 8. ತನಗಿಂತ ಕಿರಿದಾದ ಸಂದಿಗೆ ಅದು ಇಳಿಯೋದಾದ್ರೂ ಹೇಗೆ? ಮೇಲಿಂದಲೇ ದಾಟಿ ಹೋಗಿತ್ತು.

ಹೊಸ ಮಣೆಗಳಿಗೂ ಅರ ಹಿಡಿದು ಕಚ್ಚು ಕೊರೆಯೋಣ ಅಂತ ಕೂತೆ. ಅಮ್ಮ ತಡೆದಳು. "ಹೊಸ ಮಣೆಗೆ ಹಳೇ ಕಚ್ಚು ಯಾಕೋ? ಅವರವರ ಮನೇಲಿ ಅವರವರೇ ಮಾಡ್ಕೊಳ್ಳಲಿ."

ಕಳೆದ ತಿಂಗಳು ಅಕ್ಕ ಬಂದಿದ್ದಳು. ಹೊಸ ಮಣೆ ಕೈಗೆ ಕೊಟ್ಟ ತಕ್ಷಣ ಅವಳ ಕಿರುಬೆರಳು ಅಂಚಿನುದ್ದಕ್ಕೂ ಹರಿದಾಡಿತು. "ಕಚ್ಚು ಎಲ್ಲೋ?" ಅಂದಳು. ಇನ್ನು ಮುಚ್ಚಿಡೋದೇನು ಅಂತ ಒಳಗಿಂದ ಹಳೇ ಮಣೆ ತಂದು ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಜ್ಜಿಯ ಕಚ್ಚಿಗೆ ಬೆರಳು ತೂರಿಸಿದಳು, ಆಮೇಲೆ ನಾನು ಹೆರೆದ ಜಾಗ ಸವರಿದಳು. "ಇದು ನಿಂದಾ?" "ಹೂಂ." "ಹಾಗಾದ್ರೆ ನಂಗೆ ಇದೇ ಇರ್ಲಿ" ಅಂತ ಹಳೇದನ್ನೇ ಬ್ಯಾಗಿಗೆ ಹಾಕಿಕೊಂಡಳು. ಅಮ್ಮ ಈಗ ಹಳದಿ ಮಣೆ ಮೇಲೆ ಕೂತು ತರಕಾರಿ ಹೆಚ್ಚುತ್ತಾಳೆ. ಉಬ್ಬು ಚುಚ್ಚುತ್ತೆ ಅಂತ ದೂರು ಬೇರೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಮಣೆಯೋ, ಪೆಟ್ಟಿಗೆಯೋ ಇದ್ದರೆ, ಅದರ ಮೇಲೆ ಪ್ರಯೋಗ ಮಾಡೋ ಮುಂಚೆ ಒಂದು ಅಚ್ಚು ತೆಗೆದಿಡಿ. ಬಿಟ್ಟು ಕೊಳ್ಳೋವಾಗ ಹಿಡಿಯ ಅಳತೆ ನೋಡಿ ಕೊಳ್ಳಿ. ಕಣ್ಣಿಗೆ ಕನ್ನಡಕ ಮರೀಬೇಡಿ.

ಅಂದ ಹಾಗೆ, ಅಣ್ಣನಿಗೆ ಕೊಟ್ಟ ಮಣೆ ಏನಾಯ್ತು ಅಂತೀರಾ? ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೋಡಿದೆ. ಟಿವಿ ಪಕ್ಕದಲ್ಲಿ ಇಟ್ಟುಕೊಂಡಿದ್ದಾನೆ. ಅದರ ಮೇಲೆ ರೂಟರ್ ಇದೆ. ಇಂಟರ್‌ನೆಟ್ಟಿನ ಡಬ್ಬಿ :-)