ಕರಿಮಣಿ ಹುಡುಕುವ ಯಂತ್ರ

ಜೋಗೇಶ್ವರಿಯ ಆ ಮನೆಯಲ್ಲಿ ಮೆಟಲ್ ಡಿಟೆಕ್ಟರಿನ ಮಾತು ಬಂದದ್ದು ಜನವರಿಯ ಒಂದು ಭಾನುವಾರದ ನಂತರ. ಮೊಮ್ಮಕ್ಕಳನ್ನು ಕರೆದುಕೊಂಡು ಎಲ್ಲರೂ ಜುಹೂಗೆ ಹೋಗಿದ್ದರು. ಸೊಂಟದ ಮಟ್ಟದ ನೀರಿನಲ್ಲಿ ಸಣ್ಣವನು ಕಾಲು ಜಾರಿ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದ. ಅವನನ್ನು ಎತ್ತಿಕೊಂಡು ದಡಕ್ಕೆ ಬಂದು ನೋಡಿದರೆ ಕರಿಮಣಿ ಇಲ್ಲ. ಮೂವತ್ತೆಂಟು ವರ್ಷದ ಹಿಂದೆ ಉಡುಪಿಯಲ್ಲಿ ಮಾಡಿಸಿದ್ದು.

ಅಂಧೇರಿಯ ಕ್ಯಾಂಟೀನೊಂದರಲ್ಲಿ ದುಡಿದು ನಿವೃತ್ತರಾದ ಯಜಮಾನರು ಒಂದು ವಾರ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಕಾಲಿನಲ್ಲೇ ಮರಳು ತಡಕಿದರು. ಹೆಂಡತಿ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು, "ಹೋದದ್ದು ಹೋಯಿತು, ಇನ್ನು ಬಿಡಿ" ಎಂದರು. ಅವರು ಬಿಡಲಿಲ್ಲ. ಯಂತ್ರದ ವಿಷಯ ಎತ್ತಿದ್ದು ತಂಗಿಯ ಮಗ. ಹೊಸದಕ್ಕೆ ಲಕ್ಷದ ಆಸುಪಾಸು. ಹಳತಾದರೆ ಊರಿನ ಮನೆಯ ಹೆಂಚು ಬದಲಿಸಲು ತೆಗೆದಿಟ್ಟ ಹಣದಲ್ಲಿ ಆಗುತ್ತಿತ್ತು.

ಕಟ್ಟಡದಲ್ಲಿ ಸುದ್ದಿ ಹರಡಿದಾಗ ಎಲ್ಲರದ್ದೂ ಒಂದೇ ತಮಾಷೆ: ಡಾಕಿನ ಚಿನ್ನ ಹುಡುಕಲು ಹೊರಟಿರಾ? 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸ್ಫೋಟಿಸಿ, ಅದರಲ್ಲಿದ್ದ ಚಿನ್ನದ ಗಟ್ಟಿಗಳು ಚೆಲ್ಲಾಪಿಲ್ಲಿಯಾದ ಕಥೆ ಮುಂಬಯಿಯಲ್ಲಿ ಇನ್ನೂ ಓಡಾಡುತ್ತದೆ. ಆ ಒಂದೊಂದು ಗಟ್ಟಿ ಹನ್ನೆರಡು ಕಿಲೋಗೂ ಹೆಚ್ಚು. ಇವರಿಗೆ ಬೇಕಾಗಿದ್ದದ್ದು ಮೂರು ಪವನು.

ಅಳಿಯ ಮೂರು ಹಳೆಯ ಯಂತ್ರಗಳ ಮಾಹಿತಿ ತಂದ. ಮೊದಲನೆಯದು ಗ್ಯಾರೆಟ್ ಎಟಿ ಪ್ರೊ, ಎಲ್ಲಕ್ಕಿಂತ ಅಗ್ಗ. ಹತ್ತು ಅಡಿ ನೀರಿಗೆ ಇಳಿಸಬಹುದು. ಆದರೆ ಅದು ಕೆಲಸ ಮಾಡುವುದು 15 ಕಿಲೋಹರ್ಟ್ಸಿನ ಒಂದೇ ಆವರ್ತನದಲ್ಲಿ. ಉಪ್ಪುನೀರು ತಾನೇ ವಿದ್ಯುತ್ ಹರಿಸುವುದರಿಂದ ಇಂಥ ಯಂತ್ರಕ್ಕೆ ಒದ್ದೆ ಮರಳೂ ಲೋಹದಂತೆ ಕೇಳಿಸುತ್ತದೆ. ಸದ್ದು ತಡೆಯಲು ಸೂಕ್ಷ್ಮತೆ ಇಳಿಸಿದರೆ ಸಣ್ಣ ಚಿನ್ನವೂ ಅದರ ಜೊತೆಗೇ ಹೋಗುತ್ತದೆ. ಕೆರೆಗೆ ಒಳ್ಳೆಯದು, ಕಡಲಿಗಲ್ಲ.

ಎರಡನೆಯದು ಗ್ಯಾರೆಟ್ ಸೀ ಹಂಟರ್. ಇದು ಕಾಂತೀಯ ಮಿಡಿತವೊಂದನ್ನು ಬಿಟ್ಟು, ಅದು ನಿಂತ ಮೇಲೆ ಲೋಹದಲ್ಲಿ ಉಳಿದ ಪ್ರತಿಧ್ವನಿಗೆ ಕಿವಿಗೊಡುತ್ತದೆ. ನೀರಿನ ಪ್ರತಿಧ್ವನಿ ಅಷ್ಟರಲ್ಲಿ ಆರಿಹೋಗಿರುತ್ತದೆ, ಹಾಗಾಗಿ ಉಪ್ಪಿನ ಕಾಟವಿಲ್ಲ. ತೊಂದರೆ ಎಂದರೆ ಚಿನ್ನಕ್ಕೂ ಮೊಳೆಗೂ ಭೇದ ಹೇಳುವುದು ಅದಕ್ಕೆ ಸರಿಯಾಗಿ ಬಾರದು. ಗಣಪತಿ ವಿಸರ್ಜನೆಯಲ್ಲಿ ಮಂಟಪದ ತಂತಿ, ಮೊಳೆ ಎಲ್ಲ ನೀರು ಸೇರುವ ಜುಹೂವಿನಲ್ಲಿ ಇಡೀ ದಿನ ಅಗೆಯಬೇಕಾದೀತು.

ಮೂರನೆಯದು ಮೈನ್‌ಲ್ಯಾಬ್ ಎಕ್ಸ್‌ಕ್ಯಾಲಿಬರ್. ಹಲವು ಆವರ್ತನಗಳನ್ನು ಒಟ್ಟಿಗೆ ಬಳಸಿ ಉಪ್ಪಿನ ಸದ್ದನ್ನು ಕಳೆಯುತ್ತದೆ, ಕಬ್ಬಿಣವನ್ನು ತಳ್ಳಿಹಾಕುತ್ತದೆ. ಮಸ್ಕತ್ತಿನಿಂದ ಮರಳಿ ಖಾರ್ಘರ್‌ನಲ್ಲಿ ನೆಲೆಸಿದವರೊಬ್ಬರು ಅದನ್ನು ಮಾರುವವರಿದ್ದರು.

"ಇನ್ನೂರು ಅಡಿ ಆಳಕ್ಕೆ ಹೋಗುತ್ತದಂತೆ, ಮಾವ."

"ನಾನು ಎದೆಮಟ್ಟಕ್ಕಿಂತ ಆಚೆ ಹೋಗುವುದುಂಟಾ? ನೀರು ಒಳಗೆ ಹೋಗದಿದ್ದರೆ ಸಾಕು ಮಾರಾಯ."

ನೋಡಬೇಕಾದದ್ದೂ ಅದನ್ನೇ. ಕ್ಯಾಂಟೀನಿನಲ್ಲಿ ಹಳೆಯ ಗ್ರೈಂಡರ್, ಫ್ರಿಜ್ಜು ಕೊಂಡು ಪಳಗಿದ ಕಣ್ಣು ಅವರದ್ದು. ಮುಚ್ಚಳದ ರಬ್ಬರ್ ಬಳೆ ಬಿರುಕು ಬಿಟ್ಟಿದೆಯೇ, ಬ್ಯಾಟರಿಯ ತುದಿಯಲ್ಲಿ ಹಸಿರು ಕಿಲುಬು ಇದೆಯೇ, ಗುಬ್ಬಿ ತಿರುಗಿಸುವಾಗ ಉಪ್ಪು ಕರಕರ ಎನ್ನುತ್ತದೆಯೇ ಎಂದು ನೋಡಿದರು. ಈ ಮಾದರಿಯಲ್ಲಿ ಹೆಡ್‌ಫೋನಿನ ತಂತಿ ಪೆಟ್ಟಿಗೆಯೊಳಕ್ಕೇ ಬೆಸೆದಿರುತ್ತದೆ. ಅದು ಕೆಟ್ಟರೆ ಸೀಲ್ ಮಾಡಿದ ಪೆಟ್ಟಿಗೆಯನ್ನೇ ಬಿಚ್ಚಬೇಕು. ಪೆಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರು. ಗುಳ್ಳೆ ಬರಲಿಲ್ಲ. ಬ್ಯಾಟರಿ ಮಾತ್ರ ಮುದಿಯಾಗಿತ್ತು. ಅದಕ್ಕೆ ಬೆಲೆಯಲ್ಲಿ ಐದು ಸಾವಿರ ಇಳಿಯಿತು.

ಆದರೂ ಕಡಲಲ್ಲಿ ನೋಡದೆ ಹಣ ಕೊಡುವುದಿಲ್ಲ ಎಂದರು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಮುಂಬಯಿಯ ಕಡಲು ಬೆಳಿಗ್ಗೆ ಬಹಳ ದೂರ ಇಳಿಯುತ್ತದೆ. ಅಂಥ ಒಂದು ಬೆಳಿಗ್ಗೆ ಮೂವರೂ ಜುಹೂವಿನಲ್ಲಿ ಸೇರಿದರು. ಪರೀಕ್ಷೆಗೆ ಒಂದು ರೂಪಾಯಿಯ ನಾಣ್ಯ, ಹೆಂಡತಿಯ ಬೆಳ್ಳಿ ಕಾಲುಂಗುರ, ಮತ್ತೆ ಸೊಸೆ ದೇವರಿಗೆ ಕೈಮುಗಿದು ಬಿಚ್ಚಿಕೊಟ್ಟ ಅವಳ ಕರಿಮಣಿ.

ಕಾಲುಂಗುರಕ್ಕೆ ಯಂತ್ರ ಸ್ಪಷ್ಟವಾಗಿ ಹಾಡಿತು. ರೂಪಾಯಿಗೆ ದನಿ ಮುರಿಯಿತು, ಗುಬ್ಬಿ ತುಸು ತಿರುಗಿಸಿದರೆ ನಿಂತೇಹೋಯಿತು. ಅಯಸ್ಕಾಂತಕ್ಕೆ ಅಂಟುವ ಉಕ್ಕಿನ ನಾಣ್ಯ ಅದು. ಕಬ್ಬಿಣ ಬೇಡ ಎಂದರೆ ನಮ್ಮ ರೂಪಾಯಿಯೂ ಬೇಡ ಎಂದಂತೆ.

ಕೊನೆಗೆ ಕರಿಮಣಿಯನ್ನು ದಾರ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮರಳಿನಡಿ ಇಟ್ಟರು. ಕಾಯಿಲ್ ಮೇಲೆ ಆಡಿಸಿದರೆ ಸದ್ದಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಉಂಗುರದಂಥ ಮುಚ್ಚಿದ ಬಳೆಯಲ್ಲಿ ವಿದ್ಯುತ್ ಸುತ್ತು ಹೊಡೆಯುತ್ತದೆ, ಅದಕ್ಕೇ ಅದು ಗಟ್ಟಿಯಾಗಿ ಕೇಳಿಸುತ್ತದೆ. ತೆಳು ತಂತಿಯ ಸರದಲ್ಲಿ ಒಂದೊಂದು ಕೊಂಡಿಯೂ ಬೇರೆಬೇರೆ, ಕರಿಮಣಿಯಂತೂ ಬರೀ ಗಾಜು. ಎಷ್ಟು ತೂಕದ ಚಿನ್ನವಿದ್ದರೂ ಯಂತ್ರದ ಲೆಕ್ಕಕ್ಕೆ ಅದು ಪುಡಿ. ತಾಳಿಯ ಭಾಗ ಮಾತ್ರ ನಾಲ್ಕು ಬೆರಳು ಆಳದಿಂದ ಸಣ್ಣಗೆ ಕುಂಯ್ ಎಂದಿತು.

"ಬೇಡ ಮಾವ, ಇದು ನಮ್ಮ ಕೆಲಸಕ್ಕೆ ಆಗುವುದಲ್ಲ" ಎಂದ ಅಳಿಯ. ಮಾರುವವರೂ ತಡೆಯಲಿಲ್ಲ. ಅವರು ಹೆಡ್‌ಫೋನ್ ತೆಗೆಯದೆ ಆ ಸದ್ದನ್ನು ಇನ್ನೂ ನಾಲ್ಕೈದು ಸಲ ಕೇಳಿದರು. ಆಮೇಲೆ ಹಣ ಎಣಿಸಿ ಕೊಟ್ಟರು.

ಬೇಸಿಗೆ ಕಳೆಯಿತು. ಮಳೆಗಾಲದ ಅಲೆ ದಂಡೆಯ ಮರಳನ್ನು ಕೊರೆದು ಒಯ್ಯುತ್ತದೆ, ಆಳಕ್ಕಿಳಿದ ಭಾರದ ವಸ್ತುಗಳು ಆಗ ಮೇಲಕ್ಕೆ ಹತ್ತಿರವಾಗುತ್ತವೆ. ಸೆಪ್ಟೆಂಬರಿನಲ್ಲಿ ಅವರು ತೂತಿನ ಸೌಟಿನಲ್ಲಿ ಎತ್ತಿದ್ದು ಒಂದು ಗಂಡಸರ ಉಂಗುರ. ಒಳಗೆ ದೇವನಾಗರಿಯ ಎರಡು ಅಕ್ಷರ. ಪೇಟೆಯಲ್ಲಿ ತೂಗಿಸಿದರೆ ಆರು ಗ್ರಾಂ, ಅಪ್ಪಟ ಚಿನ್ನ. ಯಂತ್ರಕ್ಕೆ ಹಾಕಿದ್ದರಲ್ಲಿ ಬಹುಪಾಲು ಬಂದಂತೆಯೇ.

ಅಳಿಯ ಕಾನೂನು ಓದಿ ಹೇಳಿದ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ ನಿಧಿ ಹತ್ತು ರೂಪಾಯಿ ಮೀರಿದರೆ ಕಲೆಕ್ಟರಿಗೆ ತಿಳಿಸಬೇಕು. ಕಳೆದುಹೋದ ವಸ್ತುವಿನ ಮಾತು ದಂಡ ಸಂಹಿತೆಯ 403ನೇ ಕಲಮಿನಲ್ಲಿತ್ತು, ಈಗ ಅದು ನ್ಯಾಯ ಸಂಹಿತೆಯ 314. ಹಳೆಯ ಕಲಮಿನ ಉದಾಹರಣೆಗಳಲ್ಲಿ ಎರಡು ಇವರಿಗೆಂದೇ ಬರೆದಂತಿದ್ದವು: ದಾರಿಯಲ್ಲಿ ಬಿದ್ದ, ಯಾರದೆಂದು ತಿಳಿಯದ ರೂಪಾಯಿ ಎತ್ತಿಕೊಂಡವನು ಅಪರಾಧಿಯಲ್ಲ. ಬೆಲೆಬಾಳುವ ಉಂಗುರ ಸಿಕ್ಕಿ, ಒಡೆಯನನ್ನು ಹುಡುಕದೆ ಕೂಡಲೇ ಮಾರಿದವನು ಅಪರಾಧಿ.

"ಹೆಂಚಿನ ಹಣ..." ಎಂದು ಅವರು ಶುರುಮಾಡಿದರು.

ಹೆಂಡತಿ ಮೆಣಸು ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ನಮ್ಮದು ಸಿಕ್ಕಿದವರು ಏನು ಮಾಡಿದರೋ ಗೊತ್ತಿಲ್ಲ. ನಾವು ಕೊಡುವ."

ಮರುದಿನ ಠಾಣೆಯಲ್ಲಿ ಉಂಗುರ ಒಪ್ಪಿಸಿ ಕಾಗದ ಬರೆಸಿಕೊಂಡು ಬಂದರು. ಹೆಂಚಿನ ಕೆಲಸ ಮುಂದಿನ ಬೇಸಿಗೆಗೆ ಹೋಯಿತು. ಹೆಂಡತಿಯ ಕುತ್ತಿಗೆಯಲ್ಲಿ ಈಗಲೂ ದಾರವೇ ಇದೆ, ಹೊಸದು ಮಾಡಿಸುವ ಮಾತನ್ನು ಅವರು ಇನ್ನೂ ಎತ್ತಿಲ್ಲ. ಅವರು ಕಬ್ಬಿಣ ತಳ್ಳುವ ಗುಬ್ಬಿಯನ್ನು ಮುಟ್ಟುವುದಿಲ್ಲ, ಕುಂಯ್ ಎಂದ ಕಡೆಯೆಲ್ಲ ಅಗೆಯುತ್ತಾರೆ. ಬಾಲ್ಕನಿಯ ಹಾರ್ಲಿಕ್ಸ್ ಬಾಟಲಿ ತುಕ್ಕು ಹಿಡಿದ ಮೊಳೆಯಿಂದಲೂ ಒಂದು ರೂಪಾಯಿಯ ನಾಣ್ಯಗಳಿಂದಲೂ ಅರ್ಧ ತುಂಬಿದೆ. ಅಮಾವಾಸ್ಯೆಯ ಹಿಂದಿನ ರಾತ್ರಿ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದು ಹೆಂಡತಿಯೇ.