ಹೊಲಿಗೆ ಯಂತ್ರದ ಗುರುತು

2020ರ ಡಿಸೆಂಬರ್‌ನಲ್ಲಿ ನಾನು ಏಳನೇ ತರಗತಿ. ಕೊರೊನಾದಿಂದ ಶಾಲೆ ಮುಚ್ಚಿತ್ತು. ಆಗ ನಡೆದ ಗ್ರಾಮ ಪಂಚಾಯಿತಿ ಚುನಾವಣೆಗೆ ನಮ್ಮ ಖಾಲಾ, ಅಂದರೆ ಅಮ್ಮಿಯ ತಂಗಿ, ಮಹಿಳಾ ಮೀಸಲು ಸ್ಥಾನದಿಂದ ನಿಂತರು. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಹಾಗಾಗಿ ಕರಪತ್ರ ಬರೆಯುವ ಕೆಲಸ ನನಗೆ ಬಂತು.

"ಯಾವ ಪಕ್ಷ ಅಂತ ಬರೆಯಲಿ?" ಎಂದು ಕೇಳಿದೆ. ಅಬ್ಬಾ ನಕ್ಕರು. ನಮ್ಮ ರಾಜ್ಯದಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುತ್ತದೆ, ಗ್ರಾಮ ಪಂಚಾಯಿತಿಗೆ ಇರುವುದಿಲ್ಲ ಎಂದು ವಿವರಿಸಿದರು. ರಾಜ್ಯ ಚುನಾವಣಾ ಆಯೋಗದ ಪಟ್ಟಿಯಿಂದ ಒಂದು ಗುರುತು ಕೊಡುತ್ತಾರೆ, ಅಷ್ಟೇ. ಖಾಲಾಗೆ ಹೊಲಿಗೆ ಯಂತ್ರ ಸಿಕ್ಕಿತು. ಅವರು ಬಟ್ಟೆ ಹೊಲಿಯುವವರೇ ಆದ್ದರಿಂದ ಮನೆಯಲ್ಲಿ ಎಲ್ಲರಿಗೂ ಖುಷಿ.

ಕರಪತ್ರದಲ್ಲಿ ಮೂರೇ ವಿಷಯ ಬರೆದೆ: ನಲ್ಲಿ ನೀರು, ಚರಂಡಿ, ಬೀದಿ ದೀಪ.

ಖಾಲಾ ಜೊತೆ ನಾನೂ ಮನೆಮನೆಗೆ ಹೋದೆ. ಎಲ್ಲರೂ ಕೂರಿಸಿ ಮಾತಾಡಿಸಿದರು. ಆದರೆ ಕರಪತ್ರ ಓದುವ ಮೊದಲೇ "ನೀವು ಯಾವ ಪಾರ್ಟಿ ಕಡೆಯವರು?" ಎಂದು ಕೇಳುತ್ತಿದ್ದರು. ಯಾವ ಕಡೆಯೂ ಅಲ್ಲ ಎಂದರೆ ನಂಬುತ್ತಿರಲಿಲ್ಲ. ಒಬ್ಬ ಹಿರಿಯರು ಖಾಲಾ ಹೆಸರು ನೋಡಿ, "ಹೇಳೋದೇ ಬೇಡ ಬಿಡಮ್ಮ, ಗೊತ್ತಾಯ್ತು" ಎಂದರು. ನಮ್ಮ ಬೀದಿಯಲ್ಲೂ ಕಥೆ ಅದೇ. "ನಮ್ಮವರು, ಹಾಕ್ತೀವಿ" ಎಂದರೇ ಹೊರತು ಚರಂಡಿ ಬಗ್ಗೆ ಯಾರೂ ಕೇಳಲಿಲ್ಲ.

ಖಾಲಾ 11 ಮತಗಳಿಂದ ಸೋತರು. ಆ ರಾತ್ರಿ ನಾನು ಅತ್ತುಬಿಟ್ಟೆ. ಆ ಹಿರಿಯರ ಮೇಲೆ ಬಹಳ ಸಿಟ್ಟು ಬಂದಿತ್ತು. ಖಾಲಾ ನನ್ನ ತಲೆ ಸವರಿ, "ಬೇಟಾ, ಗೆದ್ದವರ ಕರಪತ್ರ ನಮ್ಮ ಮನೆಗೂ ಬಂದಿತ್ತಲ್ಲ, ನೀನು ಓದಿದ್ದೆಯಾ?" ಎಂದು ಕೇಳಿದರು.

ಓದಿರಲಿಲ್ಲ. ಅಮ್ಮಿ ಅದನ್ನು ಮಸಾಲೆ ಡಬ್ಬಿಗಳ ಕೆಳಗೆ ಹಾಸಿದ್ದರು. ತೆಗೆದು ಓದಿದೆ. ಅದರಲ್ಲೂ ನೀರು, ಚರಂಡಿ, ಬೀದಿ ದೀಪ! ಜೊತೆಗೆ ನಮಗೆ ಹೊಳೆಯದೇ ಇದ್ದ ಒಂದು ವಿಷಯವೂ ಇತ್ತು: ಅಂಗನವಾಡಿಗೆ ಶೌಚಾಲಯ.

ಮತಪತ್ರದಲ್ಲಿ ಪಕ್ಷದ ಚಿಹ್ನೆ ಬೇಡ ಎಂದು ಕಾನೂನು ಹೇಳಬಹುದು. ಹೆಸರು ನೋಡಿದ ಕೂಡಲೇ ನಮ್ಮ ಮನಸ್ಸು ಹಾಕಿಕೊಳ್ಳುವ ಗುರುತನ್ನು ಯಾವ ಕಾನೂನೂ ಅಳಿಸಲಾರದು. ಅದನ್ನು ನಾವೇ ಅಳಿಸಬೇಕು. ಆ ಹಿರಿಯರೂ ಅಳಿಸಬೇಕು, ನಾನೂ ಅಳಿಸಬೇಕು.

ಈಗ ನನಗೆ ಹದಿನೇಳು. ಹದಿನೆಂಟು ತುಂಬಿದ ಕೂಡಲೇ ಮತದಾರರ ಪಟ್ಟಿಗೆ ಹೆಸರು ಸೇರಿಸುತ್ತೇನೆ. ಮನೆಗೆ ಬಂದ ಎಲ್ಲ ಕರಪತ್ರಗಳನ್ನೂ ಓದುತ್ತೇನೆ. ಡಬ್ಬಿ ಕೆಳಗೆ ಹಾಸುವುದು ಆಮೇಲೆ.