ಪಹಣಿ ಓದಿಸಿದ ಶಿಬಿರ

1973ರ ನವೆಂಬರಿನಲ್ಲಿ ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಮಾತಿಗೆ ಊರೂರಿನ ಹಾಸ್ಟೆಲುಗಳಲ್ಲಿ ದಲಿತ ಹುಡುಗರು ಏಟು ತಿಂದರು. ಆ ಗಲಾಟೆಯ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಎಂದು ಹೆಸರುಗಳನ್ನು ಎಲ್ಲರೂ ಹೇಳುತ್ತಾರೆ. ಅಧ್ಯಯನ ಶಿಬಿರಗಳ ಬಗ್ಗೆ ಹೇಳುವವರು ಕಡಿಮೆ. ತೂಬಗೆರೆ ಹೋಬಳಿಯ ನಮ್ಮಂಥ ಹುಡುಗರಿಗೆ ಎಂಬತ್ತರ ದಶಕದಲ್ಲಿ ಸಮಿತಿಯೆಂದರೆ ಮೊದಲು ಶಿಬಿರವೇ.

ರಜಾ ದಿನ ಸ್ಕೂಲು ಕೇಳಿ ಪಡೆಯುತ್ತಿದ್ದೆವು. ಬೆಳಿಗ್ಗೆ ಅಂಬೇಡ್ಕರರ ಬದುಕು, ಜಾತಿ ವಿನಾಶದ ಮಾತು. ಓದು ಬಂದವರು ಬಾರದವರಿಗೆ ಗಟ್ಟಿಯಾಗಿ ಓದಬೇಕು. ನಡುವೆ ತಮಟೆ, 'ಹೊಲೆಮಾದಿಗರ ಹಾಡು' ಸಂಕಲನದ ಪದ್ಯಗಳು. ಮುದ್ದೆ ಉಂಡ ಮೇಲೆ ಕಾಗದದ ಕೆಲಸ. ನಾವೆಲ್ಲ ಅಣ್ಣ ಎನ್ನುತ್ತಿದ್ದ ಹಿರಿಯರೊಬ್ಬರು ಕೇರಿಯ ಪಹಣಿಗಳನ್ನು ಜಮಖಾನದ ಮೇಲೆ ಹರಡುತ್ತಿದ್ದರು. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೆರಡರಲ್ಲಿ ಯಾರು ಉಳುತ್ತಿದ್ದಾರೆ, ಸಾಗುವಳಿ ಚೀಟಿಯ ಷರತ್ತೇನು ಎಂದು ಒಬ್ಬೊಬ್ಬರನ್ನೇ ಕೇಳುವರು. ಸರ್ಕಾರ ಮಂಜೂರು ಮಾಡಿದ ನಮ್ಮವರ ಜಮೀನು ಷರತ್ತು ಮೀರಿ ಕೈಬದಲಾಗಿದ್ದರೆ ಅದನ್ನು ಬಿಡಿಸಿಕೊಡಿ ಎಂದು ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಲು 1978ರ ಪಿ.ಟಿ.ಸಿ.ಎಲ್. ಕಾಯ್ದೆ ದಾರಿ ಮಾಡಿತ್ತು. ಅರ್ಜಿಯನ್ನು ಅಣ್ಣ ಬರೆಯುತ್ತಿರಲಿಲ್ಲ. "ನೀನೇ ಬರಿಯಪ್ಪ, ನಾನು ತಿದ್ದಿಕೊಡ್ತೀನಿ" ಎಂದು ಎಲ್ಲರಿಗಿಂತ ಚಿಕ್ಕವನ ಕೈಗೆ ಪೆನ್ನು ಕೊಡುವರು. ದೊಡ್ಡಬಳ್ಳಾಪುರದ ಕಚೇರಿಗೆ ಹೋದಾಗಲೂ ಅಷ್ಟೇ. ಮಾತಾಡಬೇಕಾದವನು ಅರ್ಜಿ ಬರೆದವನು, ಅಣ್ಣ ಹಿಂದೆ ನಿಂತಿರುವರು. ನಾಯಕತ್ವ ಎಂಬ ಪದವನ್ನು ಶಿಬಿರದಲ್ಲಿ ಯಾರೂ ಬಳಸಿದ್ದು ನನಗೆ ನೆನಪಿಲ್ಲ.

ಆ ಕಾಲವನ್ನು ಹೊಗಳಿ ಕೂರುವ ಆಸೆ ನನಗಿಲ್ಲ. ಅಮ್ಮಂದಿರು, ಅಕ್ಕಂದಿರು ಸ್ಕೂಲಿನ ಹಿಂದೆ ಒಲೆ ಹಚ್ಚಿ ಮುದ್ದೆ ತೊಳಸುತ್ತಿದ್ದರು. ಅವರನ್ನು ಒಳಗೆ ಕರೆದು ಕೂರಿಸಲಿಲ್ಲ. ಜಮೀನಿನಲ್ಲಿ ದುಡಿಯುತ್ತಿದ್ದವರು ಅವರೇ ಆಗಿದ್ದರೂ ಪಹಣಿ ಗಂಡಸರ ಕಾಗದವಾಗಿತ್ತು. ಮುಂದೆ ಸಮಿತಿ ಬಣಗಳಾಗಿ ಒಡೆಯಿತು, ಶಿಬಿರಗಳೂ ತೆಳುವಾದವು.

ಈಗ ವಿಶ್ವವಿದ್ಯಾಲಯಗಳಲ್ಲಿ ಅಂಬೇಡ್ಕರ್ ಅಧ್ಯಯನ ಕೇಂದ್ರಗಳಿವೆ. ನಮ್ಮ ಕೇರಿಯ ಹೆಣ್ಣುಮಕ್ಕಳು ಡಿಗ್ರಿ ಮುಗಿಸಿದ್ದಾರೆ. ಅಂಬೇಡ್ಕರರನ್ನು ನಮಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ, ಎದುರು ಪ್ರಶ್ನೆ ಹಾಕುತ್ತಾರೆ. ಇದು ನಿಜವಾದ ಗಳಿಕೆ. ಆದರೆ ಅವರ ಜೊತೆ ಕೂತು ಕಾಗದ ಬಿಡಿಸುವ ಅಣ್ಣನೂ ಇಲ್ಲ, ಅಕ್ಕನೂ ಇಲ್ಲ. ಏಪ್ರಿಲ್ 14ರಂದು ಅವರಿಗೆ ಸ್ವಾಗತ ಭಾಷಣ ಕೊಡುತ್ತೇವೆ, ಕಡತ ಕೊಡುವುದಿಲ್ಲ.

ಕಡತದ ಬೆಲೆಯಂತೂ ಏರಿದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ಪ್ರತಿ ಗುಂಟೆಯ ಮೇಲೂ ಕಣ್ಣುಗಳಿವೆ. ತಡವಾಗಿ ಬಂದಿರಿ ಎಂದು ಅರ್ಜಿಗಳು ಕೋರ್ಟುಗಳಲ್ಲಿ ಬಿದ್ದುಹೋಗತೊಡಗಿದಾಗ, ಕಾಲಮಿತಿಯ ತೊಡಕು ಬಿಡಿಸಲು 2023ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆಗೆ ತಿದ್ದುಪಡಿ ಬಂತು. ಪಹಣಿ ಈಗ ಮೊಬೈಲಿನಲ್ಲೇ ಸಿಗುತ್ತದೆ. ಮೂಲ ಮಂಜೂರಾತಿ ಆದೇಶ, ಹಳೆಯ ಮಹಜರು, ನಾವು ಅಂದು ಬರೆದ ಅರ್ಜಿಗಳ ನಕಲು ಮಾತ್ರ ನಮ್ಮ ಓರಗೆಯವರ ಟ್ರಂಕುಗಳಲ್ಲೇ ಉಳಿದಿವೆ. ಅರ್ಜಿದಾರರಲ್ಲಿ ಅನೇಕರು ತೀರಿಕೊಂಡಿದ್ದಾರೆ. ವಾರಸುದಾರರ ಪಟ್ಟಿಯಲ್ಲಿ ಈ ಹೆಣ್ಣುಮಕ್ಕಳ ಹೆಸರೂ ಬರಬೇಕು. ವಂಶವೃಕ್ಷವನ್ನು ಅವರಿಂದಲೇ ಬರೆಸಿ, ತೂಬಗೆರೆ ನಾಡಕಚೇರಿಗೆ ಅವರನ್ನೇ ಮುಂದೆ ಬಿಟ್ಟು ಹೋಗುವುದರಿಂದ ಶುರು ಮಾಡಬಹುದು.